ಬ್ರಾಕೆಟ್ ಅಂಕಿ ಕೈಕೊಡದಿರಲಿ: ತ್ರೈಮಾಸಿಕ ಇ-ಫೈಲಿಂಗ್‌ಗೆ ತಯಾರಿ ಹೇಗೆ?

ಗಡುವಿನ ದಿನ ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಜಯನಗರದ ನಮ್ಮ ಕಚೇರಿಗೆ ಓಡಿಬರುವ ಹುಡುಗ ಹುಡುಗಿಯರನ್ನು ಪ್ರತಿ ತ್ರೈಮಾಸಿಕವೂ ನೋಡುತ್ತೇನೆ. ಲೆಕ್ಕ ಸರಿಯಾಗಿಯೇ ಇರುತ್ತದೆ, ಫೈಲ್ ಮಾತ್ರ ಎರರ್ ತೋರಿಸುತ್ತಿರುತ್ತದೆ. ಷೇರುಪೇಟೆಯಲ್ಲಿರುವ (ಲಿಸ್ಟೆಡ್) ಕಂಪನಿಗಳಿಗೆ ಪೇಟೆಯ ನಿಯಂತ್ರಕ ಸೆಬಿ ತಂದ ‘ಇಂಟಿಗ್ರೇಟೆಡ್ ಫೈಲಿಂಗ್’, ಅಂದರೆ ಹಲವು ವರದಿಗಳನ್ನು ಒಟ್ಟುಗೂಡಿಸಿ ಸಲ್ಲಿಸುವ ಕ್ರಮ, 2024ರ ಡಿಸೆಂಬರ್ ತ್ರೈಮಾಸಿಕದಿಂದಲೇ ಜಾರಿಗೆ ಬಂದರೂ ಗಲಿಬಿಲಿ ಇನ್ನೂ ಹೋಗಿಲ್ಲ.

ಮೊದಲು ತಾರೀಖು. ಹೂಡಿಕೆದಾರರ ದೂರುಗಳ ಲೆಕ್ಕ ಮತ್ತು ಕಾರ್ಪೊರೇಟ್ ಗವರ್ನೆನ್ಸ್ (ಕಂಪನಿಯ ಆಡಳಿತ ಕ್ರಮದ) ವರದಿ ಈಗ ಒಂದೇ ಕಂತೆ. ತ್ರೈಮಾಸಿಕ ಮುಗಿದ 30 ದಿನದೊಳಗೆ ಹೋಗಬೇಕು. ಹಣಕಾಸು ಫಲಿತಾಂಶದ ಕಂತೆಗೆ 45 ದಿನ, ಹಣಕಾಸು ವರ್ಷದ ಕೊನೆಯ ತ್ರೈಮಾಸಿಕಕ್ಕೆ 60 ದಿನ. ಯಾರ ಕೈಯಲ್ಲಿ ಎಷ್ಟು ಷೇರಿದೆ ಎಂದು ತಿಳಿಸುವ ಶೇರ್‌ಹೋಲ್ಡಿಂಗ್ ಪ್ಯಾಟರ್ನ್ ಬೇರೆಯೇ, ಅದಕ್ಕೆ 21 ದಿನ. ಜೂನ್ ತ್ರೈಮಾಸಿಕವಾದರೆ ಜುಲೈ 21, ಜುಲೈ 30, ಆಗಸ್ಟ್ 14. ಮೂರನ್ನೂ ಗೋಡೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ. ಮೊಬೈಲ್ ರಿಮೈಂಡರನ್ನು ನಾನು ನಂಬುವುದಿಲ್ಲ. ರಜೆಯಲ್ಲಿರುವವರ ಫೋನಿನಲ್ಲೇ ಅದು ಹೊಡೆದುಕೊಳ್ಳುತ್ತದೆ.

ಡಿಜಿಟಲ್ ಸಹಿಯ ಅವಧಿ, ಪೋರ್ಟಲ್ ಪಾಸ್‌ವರ್ಡ್: ಒಂದು ವಾರ ಮುಂಚೆಯೇ ನೋಡಿಕೊಳ್ಳಿ.

ಷೇರು ವಿನಿಮಯ ಕೇಂದ್ರದ (ಎಕ್ಸ್‌ಚೇಂಜ್‌ನ) ಎಕ್ಸೆಲ್ ಯುಟಿಲಿಟಿಯನ್ನು, ಅಂದರೆ ಅಂಕಿ ತುಂಬುವ ಸಿದ್ಧ ಫೈಲನ್ನು, ಪ್ರತಿ ಸಲ ಹೊಸದಾಗಿ ಇಳಿಸಿಕೊಳ್ಳಿ. ಹಳೆಯ ಫೈಲಿನಲ್ಲೇ ಅಂಕಿ ಬದಲಿಸುವ ಒಳದಾರಿ ಬೇಡ. ಅದರೊಳಗಿನ ಮ್ಯಾಕ್ರೋ (ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ) ಓಡದಿದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಟಿಕ್ ಮಾಡಿ.

ಇನ್ನು ಅಂಕಿ ತುಂಬುವುದು. ಎಲ್ಲರೂ ಎಡವುವುದು ಇಲ್ಲೇ. ಲಕ್ಷವೋ ಕೋಟಿಯೋ ಮೊದಲೇ ಆರಿಸಿ, ಕೊನೆಯವರೆಗೂ ಅದರಲ್ಲೇ ಬರೆಯಿರಿ. ಆದರೆ ಪ್ರತಿ ಷೇರಿನ ಗಳಿಕೆ, ಅಂದರೆ ಇಪಿಎಸ್, ಮತ್ತು ಮುಖಬೆಲೆ ಯಾವಾಗಲೂ ರೂಪಾಯಿಯಲ್ಲೇ. ಬೇರೆ ಶೀಟಿನಿಂದ ತರುವಾಗ ‘ಪೇಸ್ಟ್ ವ್ಯಾಲ್ಯೂಸ್’ ಮಾತ್ರ ಬಳಸಿ.

ಸೆಪ್ಟೆಂಬರ್ ಮತ್ತು ಮಾರ್ಚ್‌ನಲ್ಲಿ ಕ್ಯಾಷ್ ಫ್ಲೋ, ಅಂದರೆ ನಗದು ಬಂದು ಹೋದ ಲೆಕ್ಕ, ಕೂಡ ಸೇರುತ್ತದೆ. ಯಂತ್ರ ಖರೀದಿಗೆ 18.40 ಲಕ್ಷ ಹೋಗಿದೆ ಎಂದುಕೊಳ್ಳಿ. ಆಡಿಟರ್ ಸಹಿ ಮಾಡಿದ ಹಾಳೆಯಲ್ಲಿ ಹೊರಹೋದ ಹಣವೆಂದು ಅದು ಬ್ರಾಕೆಟ್‌ನಲ್ಲಿರುತ್ತದೆ. ಹಾಗೇ ಟೈಪಿಸಿದರೆ ಎಕ್ಸೆಲ್ ಅದನ್ನು ಮೈನಸ್ ಎಂದು ಓದುತ್ತದೆ. ಖರೀದಿಯ ಸಾಲನ್ನು ಯುಟಿಲಿಟಿ ತಾನೇ ಕಳೆಯುವುದರಿಂದ, ಮೈನಸ್ಸನ್ನು ಮತ್ತೆ ಕಳೆದಾಗ ಅದು ಕೂಡಿಸಿದಂತಾಗುತ್ತದೆ. ಕೊನೆಯ ನಗದು ಬಾಕಿ 36.80 ಲಕ್ಷ ಹೆಚ್ಚು ಬರುತ್ತದೆ. ಆ ಸಾಲಿನಲ್ಲಿ ಬ್ರಾಕೆಟ್ ಬಿಟ್ಟು ಬರೆಯಿರಿ. ಹೀಗೆ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಅರ್ಧ ಮಾಡಿ, ಆ ಅಂಕಿಯನ್ನು ಹಾಳೆಯಲ್ಲಿ ಹುಡುಕಿ. ಎಷ್ಟೋ ಸಲ ತಪ್ಪಿದ ಸಾಲು ಹಾಗೇ ಕೈಗೆ ಸಿಕ್ಕಿದೆ.

ಪಿಡಿಎಫ್ ಕೊಟ್ಟರೆ ಎಕ್ಸ್‌ಬಿಆರ್‌ಎಲ್ (ಕಂಪ್ಯೂಟರ್ ಓದಬಲ್ಲ ವರದಿಯ ಮಾದರಿ) ಮಾಡಿಕೊಡುತ್ತೇವೆ ಎನ್ನುವ ಅಗ್ಗದ ಸಾಫ್ಟ್‌ವೇರ್ ಒಂದನ್ನು ನಾವೂ ಕೊಂಡಿದ್ದೆವು. ‘ಇತರ ಆದಾಯ’ವನ್ನು ಅದು ಮಾರಾಟದ ಸಾಲಿಗೆ ಸೇರಿಸಿತ್ತು. ಅವತ್ತೇ ತೆಗೆದುಹಾಕಿದೆವು. ಅದರ ಬದಲು ಇಬ್ಬರು ಕೂತು, ಒಬ್ಬರು ಹಾಳೆ ನೋಡಿ ಗಟ್ಟಿಯಾಗಿ ಓದಿ, ಇನ್ನೊಬ್ಬರು ಪರದೆ ನೋಡಿ ಟಿಕ್ ಹಾಕಿ. ತುಂಬಿದವರೇ ಪರಿಶೀಲಿಸಬಾರದು.

ಯುಟಿಲಿಟಿಯಲ್ಲೇ ವ್ಯಾಲಿಡೇಟ್ ಮಾಡಿ (ತಪ್ಪಿದ್ದರೆ ಅದು ತೋರಿಸುತ್ತದೆ), ಎಕ್ಸ್‌ಎಂಎಲ್ ಫೈಲ್ ಮಾಡಿ, ಅಪ್‌ಲೋಡ್ ಮಾಡಿ.

ಬೋರ್ಡ್ ಸಭೆಯ ತೀರ್ಮಾನ ತಿಳಿಸುವ ಗಡಿಯಾರ ಬೇರೆ: ಸಭೆ ಮುಗಿದ 30 ನಿಮಿಷ, ವಹಿವಾಟಿನ ಸಮಯ ಮುಗಿದ ಮೇಲೆ ಸಭೆ ಮುಗಿದರೆ 3 ಗಂಟೆ. ತೀರ್ಮಾನ ತಿಳಿಸುವ ಪಿಡಿಎಫ್‌ನಲ್ಲಿ ಹುಡುಕಿದರೆ ಪದ ಸಿಗುವಂತಿರಬೇಕು, ಸ್ಕ್ಯಾನ್ ಮಾಡಿದ ಚಿತ್ರ ಬೇಡ.

ಸ್ವೀಕೃತಿ ಬಂದ ಮೇಲೆ ಎಕ್ಸ್‌ಚೇಂಜ್ ವೆಬ್‌ಸೈಟಿನಲ್ಲಿ ನಿಮ್ಮ ಕಂಪನಿಯ ಪುಟ ತೆರೆಯಿರಿ. ಹೂಡಿಕೆದಾರರು ನೋಡುವುದು ಆ ಅಂಕಿಗಳನ್ನೇ. ಇಪಿಎಸ್ ಸಾಲಿನಿಂದ ಶುರುಮಾಡಿ ಪೂರ್ತಿ ಓದಿದ ಮೇಲೆಯೇ ಲ್ಯಾಪ್‌ಟಾಪ್ ಮುಚ್ಚಿ.