ಮುಚ್ಚಳದ ಕೆಳಗೆ ಅಂದರೆ ಎಲ್ಲಿ?

ಪೀಣ್ಯದ ಒಂದು ಪ್ಯಾಕಿಂಗ್ ಘಟಕದಲ್ಲಿ ಕೆಲಸಕ್ಕಿದ್ದೆ. ಡಬ್ಬಿಯ ಹೊರಮೈಗೆ, ಮುಚ್ಚಳಕ್ಕಿಂತ ಎರಡು ಬೆರಳು ಕೆಳಗೆ ಲೇಬಲ್ ಅಂಟಿಸಬೇಕಿತ್ತು. ಸೂಚನೆಯಲ್ಲಿ ನಾನು ‘ಅಂಡರ್ ದ ಲಿಡ್’ ಎಂದು ಬರೆದೆ. ಆ ಪಾಳಿಯ ಸೂಪರ್‌ವೈಸರ್‌ಗೆ ಕನ್ನಡ ಬರುತ್ತಿರಲಿಲ್ಲ, ಇಂಗ್ಲಿಷ್ ಚೆನ್ನಾಗಿತ್ತು. ಬರೆದದ್ದನ್ನು ಹಾಗೇ ಪಾಲಿಸಿದರು. ಸಂಜೆ ಹೋಗಿ ನೋಡಿದರೆ ಲೇಬಲ್‌ಗಳೆಲ್ಲ ಮುಚ್ಚಳದ ಒಳಮೈಗೆ ಅಂಟಿದ್ದವು. 240 ಡಬ್ಬಿ. ಒಂದೊಂದನ್ನೂ ಬಿಚ್ಚಿ, ಕೆರೆದು, ಮತ್ತೆ ಅಂಟಿಸಿದೆವು.

ನಾನು ಬರೆಯಬೇಕಿದ್ದದ್ದು ‘ಬಿಲೋ’. ಎರಡಕ್ಕೂ ‘ಕೆಳಗೆ’ ಎಂದೇ ಶಾಲೆಯಲ್ಲಿ ಕಲಿತಿದ್ದೆ. ಅವತ್ತು ರಾತ್ರಿ ಕೂತು ಯೋಚಿಸಿದಾಗ ಗೊತ್ತಾಯಿತು, ಈ ವ್ಯತ್ಯಾಸ ನಮ್ಮ ಭಾಷೆಯಲ್ಲೂ ಇದೆ. ಮರದಡಿ ಮಲಗಿದ ಅನ್ನುತ್ತೇವೆ, ಮಂಚದಡಿ ಚಪ್ಪಲಿ ಇದೆ ಅನ್ನುತ್ತೇವೆ. ಆದರೆ ಮೊಣಕಾಲಿನ ಅಡಿ ಗಾಯವಾಗಿದೆ ಅಂತ ಯಾರೂ ಹೇಳಲ್ಲ, ಅಲ್ವಾ? ಅಲ್ಲಿ ‘ಕೆಳಗೆ’ಯೇ ಬೇಕು. ‘ಅಡಿ’ ಒಪ್ಪಿದರೆ ಅಂಡರ್. ‘ಅದಕ್ಕಿಂತ ಕೆಳಗೆ’ ಒಪ್ಪಿದರೆ ಬಿಲೋ. ಇಂಗ್ಲಿಷ್ ವ್ಯಾಕರಣದ ಪುಸ್ತಕಕ್ಕಿಂತ ಈ ಪರೀಕ್ಷೆ ನನಗೆ ಜಾಸ್ತಿ ಕೈಹಿಡಿದಿದೆ.

‘ಮೇಲೆ’ಗೂ ಹೀಗೇ ಮಾಡಿದೆ. ತಾಗಿದ್ದರೆ ಆನ್. ಹೊದಿಸಿದರೆ ಅಥವಾ ದಾಟಿದರೆ ಓವರ್: ಮಗುವಿಗೆ ಹೊದಿಸಿದ ಕಂಬಳಿ, ಹೊಳೆಗೆ ಕಟ್ಟಿದ ಸೇತುವೆ. ‘ಅದಕ್ಕಿಂತ ಮೇಲೆ’ ಎಂದು ಮಟ್ಟ ಹೇಳುವಾಗ ಅಬವ್. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಊರಿನ ಬುಡದಲ್ಲಿ ಸಮುದ್ರ ಇಲ್ಲ, ಬರೀ ಎತ್ತರದ ಲೆಕ್ಕ. ಹಾಗಾಗಿ ಅಬವ್.

ಆನ್ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಮನೆಯ ಹಲ್ಲಿ. ಅದು ಸೀಲಿಂಗ್‌ಗೆ ಅಂಟಿಕೊಂಡು ತಲೆಕೆಳಗಾಗಿ ನಿಂತಿತ್ತು. ಕನ್ನಡದಲ್ಲಿ ‘ಸೀಲಿಂಗ್ ಮೇಲೆ’ ಅಂದರೆ ತಾರಸಿಗೆ ಹೋಯಿತೇನೋ ಅನ್ನಿಸುತ್ತದೆ. ಇಂಗ್ಲಿಷ್‌ನಲ್ಲಿ ಮಾತ್ರ ಹಲ್ಲಿ ‘ಆನ್ ದ ಸೀಲಿಂಗ್’. ಮೇಲಿದೆಯೋ ಕೆಳಗಿದೆಯೋ ಅದಕ್ಕೆ ಮುಖ್ಯವಲ್ಲ, ಮೈಗೆ ತಾಗಿದೆಯಾ ಅನ್ನುವುದೇ ಮುಖ್ಯ. ಗೋಡೆಯ ಕ್ಯಾಲೆಂಡರ್ ಆನ್, ಗೋಡೆಯೊಳಕ್ಕೆ ಹೊಡೆದ ಮೊಳೆ ಇನ್.

‘ಅಲ್ಲಿ’ ಪ್ರತ್ಯಯಕ್ಕೆ ಇಷ್ಟು ಸುಲಭದ ದಾರಿ ಸಿಗಲಿಲ್ಲ. ಬಸ್ ಸ್ಟಾಪಿನಲ್ಲಿ ಅಂದರೆ ಅಟ್, ಬಸ್ಸಿನಲ್ಲಿ ಅಂದರೆ ಆನ್, ಕಾರಿನಲ್ಲಿ ಅಂದರೆ ಇನ್. ಒಳಗೆ ಎದ್ದು ಓಡಾಡುವಷ್ಟು ಜಾಗವಿರುವ ಬಸ್ಸು, ರೈಲು, ವಿಮಾನಕ್ಕೆ ಆನ್; ಕೂತೇ ಇರಬೇಕಾದ ಕಾರು, ಆಟೋಗೆ ಇನ್. ಇದನ್ನು ಸುಮ್ನೆ ಬಾಯಿಪಾಠ ಮಾಡಿಕೊಂಡೆ.

ಈಗಲೂ ಸೂಚನೆ ಬರೆಯುವ ಮೊದಲು ಅದನ್ನು ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳುತ್ತೇನೆ. ‘ಕೆಳಗೆ’ ಬಂದರೆ ಅಲ್ಲೇ ನಿಂತು, ಅಡಿಯೋ ಅದಕ್ಕಿಂತ ಕೆಳಗೋ ಎಂದು ಕೇಳಿಕೊಂಡು ಮುಂದೆ ಬರೆಯುತ್ತೇನೆ.