ಹೋದ ಊರಿನ ರೇಡಿಯೋ ಹಚ್ಚಿ

ಈ ಸಲ ರಜೆಗೆ ದಾವಣಗೆರೆಗೆ ಬಂದಾಗ ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಮೂವರು ಹುಡುಗರು, ಹೊಸದಾಗಿ ಮದುವೆಯಾದ ಒಬ್ಬ ಹುಡುಗಿ ಬಂದುಹೋದರು. ಎಲ್ಲರೂ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಹೊರಟವರು. "ಅಕ್ಕಾ, ಏನೇನು ತಗೊಂಡು ಹೋಗಬೇಕು?" ಅಂತ ಕೇಳಿದರು. ಚಟ್ನಿಪುಡಿ, ಕುಕ್ಕರಿನ ರಬ್ಬರ್, ಒಂದು ಬೆಚ್ಚನೆಯ ಜಾಕೆಟ್. ಬ್ಯಾಂಕ್ ಖಾತೆ, ಎಸ್‌ಎಸ್‌ಎನ್ (ಅಲ್ಲಿನ ಸಾಮಾಜಿಕ ಭದ್ರತಾ ಸಂಖ್ಯೆ), ಡ್ರೈವಿಂಗ್ ಲೈಸೆನ್ಸ್ ವಿಷಯ ಆಫೀಸಿನವರೇ ಹೇಳಿಕೊಡುತ್ತಾರೆ. ನಾನು ಹೇಳಬೇಕಾದ್ದು ಬೇರೆ ಇದೆ. ಅಲ್ಲಿ ಇಳಿದ ಮೊದಲ ವಾರದಲ್ಲೇ ಆ ಊರಿನ ರೇಡಿಯೋ ಹಚ್ಚಿ.

ನಾನು ಹಚ್ಚಲಿಲ್ಲ. 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟಿಗೆ ಹೋದೆ. ಹದಿನಾಲ್ಕು ವರ್ಷ ಕಾರಿನಲ್ಲಿ ಬರೀ ಕನ್ನಡ ಹಾಡು, ಮನೆಯಲ್ಲಿ ಬರೀ ಕನ್ನಡ ಚಾನೆಲ್. ಭದ್ರಾ ಡ್ಯಾಮಿನಲ್ಲಿ ಎಷ್ಟು ಅಡಿ ನೀರಿದೆ ಅಂತ ಗೊತ್ತಿತ್ತು. ನಮ್ಮ ಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಅಂತ ಗೊತ್ತಿರಲಿಲ್ಲ.

ನಮ್ಮೂರಲ್ಲಿ ನಾವು ಹೀಗಿರಲಿಲ್ಲ, ಅಲ್ವಾ? ಅಪ್ಪನದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. ಮೊದಲು ಭದ್ರಾವತಿ ಕೇಂದ್ರ, ಆಮೇಲೆ ಚಿತ್ರದುರ್ಗದ 102.6 ಎಫ್‌ಎಂ. ಬೆಳಿಗ್ಗೆ ಚಿಂತನ, ಪ್ರದೇಶ ಸಮಾಚಾರ. ಸಂಜೆ ಕೃಷಿರಂಗ. ಅಪ್ಪ ಆಕಾಶವಾಣಿಗೆ ಪೋಸ್ಟ್ ಕಾರ್ಡ್ ಬರೆಯುತ್ತಿದ್ದರು. ಪತ್ರ ಓದುವ ದಿನ ಪಕ್ಕದ ಮನೆಯವರೂ ನಮ್ಮ ಪಡಸಾಲೆಯಲ್ಲಿ ಕೂತಿರುತ್ತಿದ್ದರು. "ದಾವಣಗೆರೆಯಿಂದ..." ಅಂತ ಅಪ್ಪನ ಹೆಸರು ಬಂದರೆ ಅವತ್ತು ಮನೆಯಲ್ಲಿ ಪಾಯಸ. ಇದನ್ನೆಲ್ಲ ನೋಡಿ ಬೆಳೆದವಳು ನಾನು. ಆದರೂ ಇನ್ನೊಂದು ಊರಿಗೆ ಹೋದಾಗ, ಅಲ್ಲೂ ಇಂಥದ್ದೊಂದು ಕೇಂದ್ರ ಇರುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು 2020ರ ಸೆಪ್ಟೆಂಬರ್ 9ರಂದು. ಬೆಳಿಗ್ಗೆ ಎದ್ದರೆ ಆಕಾಶವೆಲ್ಲ ಕಿತ್ತಳೆ ಬಣ್ಣ. ಹತ್ತು ಗಂಟೆಯಾದರೂ ಮನೆಯಲ್ಲಿ ದೀಪ ಆರಿಸಲಾಗಲಿಲ್ಲ. ಹನ್ನೊಂದು ವರ್ಷದ ಮಗಳು ಅಳುತ್ತಿದ್ದಳು. ವಾಟ್ಸಾಪಿನಲ್ಲಿ ಬಂದದ್ದೆಲ್ಲ ಭಯವೇ. ಕಾರಿನಲ್ಲಿ ಕೂತು ರೇಡಿಯೋವನ್ನು 88.5ಕ್ಕೆ ತಿರುಗಿಸಿದೆ. ಕಾಡ್ಗಿಚ್ಚಿನ ಹೊಗೆ ಮೇಲೆ ತುಂಬಿಕೊಂಡಿದೆ, ಕೆಳಗೆ ಸಮುದ್ರದಿಂದ ಬಂದ ತಂಪು ಗಾಳಿಯ ಪದರ ಇದೆ, ಅದಕ್ಕೇ ಈ ಬಣ್ಣ ಅಂತ ನಿಧಾನವಾಗಿ ವಿವರಿಸಿದರು. ಮಗಳು ಅಳು ನಿಲ್ಲಿಸಿದಳು. ಆ ಊರಿನ ದನಿ ಅಂತ ನಾನು ಕೇಳಿದ್ದು ಅವತ್ತೇ ಮೊದಲು.

ಅದು ಕೆಕ್ಯೂಇಡಿ, ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ರೇಡಿಯೋ, ಟಿವಿ ಕೇಂದ್ರ. ಟಿವಿಯಲ್ಲಿ ಚಾನೆಲ್ 9, ಶುರುವಾದದ್ದು 1954ರಲ್ಲಿ. ಮಕ್ಕಳಿರುವವರು ಇದನ್ನು ಬಿಡಬೇಡಿ. ಅಲ್ಲಿನ ಸಾರ್ವಜನಿಕ ಟಿವಿ ಜಾಲ ಪಿಬಿಎಸ್ ಮಕ್ಕಳಿಗೆಂದೇ ಕೊಡುವ 'ಪಿಬಿಎಸ್ ಕಿಡ್ಸ್' ಕಾರ್ಯಕ್ರಮಗಳಿಗೆ ದುಡ್ಡು ಕೊಡಬೇಕಿಲ್ಲ, ಆಂಟೆನಾ ಇದ್ದರೆ ಸಾಕು. ನನ್ನ ಮಗಳ ಆ ವಯಸ್ಸು ನನ್ನ ಕೈ ತಪ್ಪಿಹೋಯಿತು. ಅವಳ ಗೆಳತಿಯರು ಹೇಳುತ್ತಿದ್ದ ಆ ಕಾರ್ಯಕ್ರಮಗಳ ಗೊಂಬೆಗಳು ಯಾವುವು ಅಂತ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈ ಮಾತು ಇವತ್ತಿಗೂ ಚುಚ್ಚುತ್ತದೆ. ಊಟಕ್ಕೆ ಎಲ್ಲಿ ಹೋಗಬೇಕು ಅಂತ ಗೊತ್ತಿಲ್ಲದವರು 'ಚೆಕ್ ಪ್ಲೀಸ್! ಬೇ ಏರಿಯಾ' ನೋಡಿ. ಮೂರು ಜನ ಸಾಮಾನ್ಯರು ತಮಗಿಷ್ಟದ ಒಂದೊಂದು ಹೋಟೆಲ್ ಹೇಳುತ್ತಾರೆ, ಒಬ್ಬರು ಹೇಳಿದಲ್ಲಿಗೆ ಉಳಿದಿಬ್ಬರೂ ಹೋಗಿ ಉಂಡು ಬರುತ್ತಾರೆ.

ಮುಂದೆ ಬರುವ ಕಾರ್ಯಕ್ರಮಗಳ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಇರುತ್ತದೆ. ಇಮೇಲಿಗೆ ಹೆಸರು ಕೊಟ್ಟರೆ ತಾವೇ ಕಳಿಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆ ಕಡೆ ಮಾರಿಪೋಸಾ ಬೀದಿಯ ಅವರ ಕಟ್ಟಡದಲ್ಲೇ ಮಾತುಕತೆ, ಸಂಗೀತ ಎಲ್ಲ ನಡೆಯುತ್ತದೆ. ಫ್ರೀಮಾಂಟಿನವರು ಬಾರ್ಟ್ ರೈಲಿನಲ್ಲಿ ಹೋಗಿ 16ನೇ ಬೀದಿ ಮಿಷನ್ ಸ್ಟೇಷನ್ನಿನಲ್ಲಿ ಇಳಿದರೆ 20 ನಿಮಿಷದ ನಡಿಗೆ. ಆದರೆ ಒಂದು ಮಾತು. ಅಲ್ಲಿ ಉಚಿತ ಅಂದರೆ ಎಲ್ಲ ಕಡೆಯೂ ಸುಮ್ನೆ ಹೋಗಿ ಕೂರಬಹುದು ಅಂತ ಅಲ್ಲ. ನಮಗೆ ಸಾಣೇಹಳ್ಳಿ ನಾಟಕೋತ್ಸವದ ಅಭ್ಯಾಸ. ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಸರಿದು ಕೂತರೆ ಇನ್ನೊಬ್ಬರಿಗೆ ಜಾಗವಾಗುತ್ತದೆ. ಒಂದು ಸಲ ಊರಿಂದ ಬಂದಿದ್ದ ಅತ್ತೆಯನ್ನು ಕರೆದುಕೊಂಡು ಇಂಥದ್ದೇ ಒಂದು ಉಚಿತ ಕಾರ್ಯಕ್ರಮಕ್ಕೆ ಹೋದೆ. ಹೆಸರು ನೋಂದಾಯಿಸಿರಲಿಲ್ಲ. ಮೇಲಾಗಿ ಅರ್ಧ ಗಂಟೆ ತಡ. ಬಾಗಿಲಲ್ಲೇ ತಡೆದರು. ರೇಷ್ಮೆ ಸೀರೆ ಉಟ್ಟಿದ್ದ ಅತ್ತೆ ಫುಟ್‌ಪಾತಿನ ಮೇಲೆ ಚಳಿಯಲ್ಲಿ ನಿಂತರು. ತಪ್ಪು ಪೂರ್ತಿ ನನ್ನದು. ಟಿಕೆಟ್ ಉಚಿತವಾದರೂ ಮೊದಲೇ ಬುಕ್ ಮಾಡಿ, ಹೇಳಿದ ಹೊತ್ತಿಗೆ ಮುಂಚೆ ಹೋಗಿ.

ಇನ್ನು ದುಡ್ಡಿನ ವಿಷಯ. ವರ್ಷದಲ್ಲಿ ಕೆಲವು ಸಲ ಕಾರ್ಯಕ್ರಮದ ನಡುವೆ ದಿನಗಟ್ಟಲೆ ಹಣ ಕೇಳುತ್ತಾರೆ. ನಾನು ಆಗೆಲ್ಲ ಬೇರೆ ಸ್ಟೇಷನ್ನಿಗೆ ತಿರುಗಿಸುತ್ತಿದ್ದೆ. ಸರ್ಕಾರದ ರೇಡಿಯೋ, ನಾವೇಕೆ ಕೊಡಬೇಕು ಅನ್ನೋದು ತಲೆಯಲ್ಲಿ ಕೂತಿತ್ತು. ಒಮ್ಮೆ ಫೋನಿನಲ್ಲಿ ಅಪ್ಪನ ಹತ್ತಿರ ಇದನ್ನೇ ದೂರಿದೆ. "ನಾವೂ ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸ್ ಕಟ್ಟುತ್ತಿದ್ದೆವಲ್ಲ" ಅಂದರು. ನನಗೆ ನಾಚಿಕೆಯಾಯಿತು. ಅಲ್ಲಿನದು ಸರ್ಕಾರ ನಡೆಸುವ ರೇಡಿಯೋ ಅಲ್ಲವೇ ಅಲ್ಲ. ಕೇಳುವವರೇ ಸದಸ್ಯರಾಗಿ ನಡೆಸೋದು. 1967ರ ಕಾನೂನಿನಿಂದ ಅಲ್ಲಿನ ಕೇಂದ್ರ ಸರ್ಕಾರದ ಸ್ವಲ್ಪ ಹಣವೂ ಬರುತ್ತಿತ್ತು. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಅದಕ್ಕೆಂದು ಇಟ್ಟಿದ್ದ ಸುಮಾರು 110 ಕೋಟಿ ಡಾಲರನ್ನು ವಾಪಸ್ ತೆಗೆದುಕೊಂಡಿತು. ಸಣ್ಣ ಊರುಗಳ ಸ್ಟೇಷನ್ನುಗಳಿಗೆ ಇದರ ಪೆಟ್ಟು ಜಾಸ್ತಿ. ತಿಂಗಳಿಗೆ 5 ಡಾಲರ್ ಕೊಟ್ಟರೂ ಸದಸ್ಯರೇ, ಹಳೆಯ ಕಾರ್ಯಕ್ರಮಗಳೂ ನೋಡಲು ಸಿಗುತ್ತವೆ. ನೀವು ಕೊಟ್ಟಷ್ಟೇ ತಾವೂ ಸೇರಿಸುವ ಕಂಪನಿಗಳು ಆ ಕಡೆ ಬಹಳ ಇವೆ. ಆಫೀಸಿನಲ್ಲಿ ಕೇಳಿ ನೋಡಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಹೇಳಿಬಿಡುತ್ತೇನೆ. ವಾರದ ದಿನಗಳಲ್ಲಿ ಬೆಳಿಗ್ಗೆ 9ರಿಂದ 'ಫೋರಂ' ಅಂತ ಬರುತ್ತದೆ. ಕೇಳುಗರು ಫೋನ್ ಮಾಡಿ ಮಾತಾಡಬಹುದು. 2023ರ ಬೇಸಿಗೆ ರಜೆಯಲ್ಲಿ ಮಗಳು ಪಕ್ಕದಲ್ಲಿದ್ದಳು. ವಲಸೆ ಬಂದವರ ಮಕ್ಕಳ ಭಾಷೆ ಬಗ್ಗೆ ಮಾತು ನಡೆದಿತ್ತು. ಕಾರು ನಿಲ್ಲಿಸಿ ಫೋನ್ ಮಾಡಿದೆ. ಮೊದಲು ಒಬ್ಬರು ಎತ್ತಿ ಹೆಸರು, ಊರು, ಏನು ಹೇಳುತ್ತೀರಿ ಅಂತ ಕೇಳಿಕೊಂಡರು. ರೇಡಿಯೋ ಆರಿಸಿ, ಇಲ್ಲದಿದ್ದರೆ ದನಿ ಎರಡೆರಡು ಸಲ ಕೇಳುತ್ತದೆ ಅಂದರು. ನಾನು ಕಾಯುತ್ತ ಕೂತೆ. ನನ್ನ ಉಚ್ಚಾರಣೆ ಕೇಳಿ ಏನಂದುಕೊಳ್ಳುತ್ತಾರೋ ಅಂತ ಎದೆ ಹೊಡೆದುಕೊಂಡಿತು. ಕಟ್ ಮಾಡಿಬಿಟ್ಟೆ. "ಅಮ್ಮಾ, ಯಾಕೆ?" ಅಂದಳು ಮಗಳು, ಇಂಗ್ಲಿಷಿನಲ್ಲಿ. ಉತ್ತರ ಕೊಡಲಿಲ್ಲ. ಮನೆಯಲ್ಲಿ ಅವಳು ಕನ್ನಡ ಮಾತಾಡಲು ಹಿಂಜರಿದಾಗ ಎಷ್ಟು ಸಲ ಬೈದಿದ್ದೆ ನಾನು. ಅವಳ ಹಿಂಜರಿಕೆ ಎಂಥದ್ದು ಅಂತ ಆ ದಿನ ಗೊತ್ತಾಯಿತು.

ಹೋದ ವರ್ಷ ಮತ್ತೆ ಫೋನ್ ಮಾಡಿದೆ. ಹೈಸ್ಕೂಲ್ ಮಕ್ಕಳ ಮೊಬೈಲ್ ಬಗ್ಗೆ ಚರ್ಚೆ. ಈ ಸಲ ಹೇಳಬೇಕಾದ ಮೂರು ಸಾಲು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ, ನೀವೂ ಹಾಗೇ ಮಾಡಿ. ಅರ್ಧ ನಿಮಿಷ ಮಾತಾಡಿರಬಹುದು. ರಾತ್ರಿ ಅಪ್ಪನಿಗೆ ಹೇಳಿದೆ.

"ನಿನ್ನ ಹೆಸರು ಹೇಳಿದರಾ?" ಅಂತ ಕೇಳಿದರು.

"ಹೇಳಿದರು ಅಪ್ಪಾ."

"ಊರು? ದಾವಣಗೆರೆ ಅಂದರಾ?"

"ಇಲ್ಲ, ಫ್ರೀಮಾಂಟ್ ಅಂದರು. ನಾನೇ ಹಾಗೆ ಹೇಳಿದ್ದೆ."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇರೋದು ಅಲ್ಲೇ ಅಲ್ವಾ" ಅಂದರು.