ಕ್ಲೋರಿನ್ ಹಾಕುವ ಜಾಗ ಬದಲಿಸಿ ಟಿಎಚ್‌ಎಂ ಇಳಿಸಿದ್ದು: ನನ್ನ ಅನುಭವ

ತುಮಕೂರು ಕಡೆ ಹೇಮಾವತಿ ನೀರು ತುಂಬುವ ಕೆರೆಯನ್ನೇ ನಂಬಿಕೊಂಡು ಕುಡಿಯುವ ನೀರಿನ ಶುದ್ಧೀಕರಣ ಘಟಕ ನಡೆಸುವವರಿಗೆ ಬೇಸಿಗೆಯ ಪಾಡು ಗೊತ್ತೇ ಇದೆ. ನೀರು ಹಸಿರಾದ ಕೂಡಲೇ ಕಚ್ಚಾ ನೀರಿಗೇ ಬ್ಲೀಚಿಂಗ್ ಸುರಿಯುತ್ತೇವೆ. ಪಾಚಿ, ಕೊಳೆತ ಎಲೆಯ ಸಾರದ ಜೊತೆ ಕ್ಲೋರಿನ್ ಸೇರಿ ಟಿಎಚ್‌ಎಂ (ಟ್ರೈಹ್ಯಾಲೋಮೀಥೇನ್) ಎಂಬ ನಾಲ್ಕು ರಾಸಾಯನಿಕಗಳು ಹುಟ್ಟುವುದು ಅಲ್ಲೇ. ಕ್ಲೋರೋಫಾರಂ ಅವುಗಳಲ್ಲಿ ಒಂದು. ಇಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂತ್ರಕೋಶದ ಕ್ಯಾನ್ಸರ್ ಅಪಾಯ ಜಾಸ್ತಿ ಇರಬಹುದು ಎನ್ನುತ್ತವೆ ಅಧ್ಯಯನಗಳು.

ನಾನು ಕಚ್ಚಾ ನೀರಿಗೆ ಕ್ಲೋರಿನ್ ಹಾಕುವುದು ನಿಲ್ಲಿಸುತ್ತೇನೆ ಅಂದಾಗ "ಊರಿಗೆ ವಾಂತಿಭೇದಿ ತರ್ತೀರಾ ಸಾರ್?" ಅಂದರು ನಮ್ಮ ಆಪರೇಟರ್. ಭಯ ಸುಳ್ಳಲ್ಲ. ಮೇಲಿನವರು ಡೋಸ್ ಇಳಿಸಿ ಸಾಕು ಅಂದಿದ್ದರು. ಇಳಿಸಿದರೆ ಕೊನೆ ಬೀದಿಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಕೂಡ ಸಿಗಲಿಲ್ಲ. ತಕ್ಷಣ ವಾಪಸ್ ಏರಿಸಿದೆವು.

ದುಡ್ಡು ಹೋಗಿದ್ದು ಟಿಎಚ್‌ಎಂ ಟೆಸ್ಟಿಗೆ. ಒಂದು ಸ್ಯಾಂಪಲ್‌ಗೆ 3,500 ರೂಪಾಯಿ ಆಸುಪಾಸು. ಲ್ಯಾಬ್‌ನವರು ಮೊದಲು ಕಳಿಸಿದ್ದು ಮಾಮೂಲಿ ಪ್ಲಾಸ್ಟಿಕ್ ಬಾಟಲಿ. ರಿಪೋರ್ಟ್ ಹೆಚ್ಚುಕಡಿಮೆ ಸೊನ್ನೆ! ಕ್ಲೋರೋಫಾರಂ ಗಾಳಿಗೆ ಹಾರಿಹೋಗಿತ್ತು. ಆಮೇಲೆ ಥಯೋಸಲ್ಫೇಟ್ (ಉಳಿದ ಕ್ಲೋರಿನ್ ತೆಗೆಯುವ ಉಪ್ಪು) ಹಾಕಿದ ಗಾಜಿನ ಸೀಸೆ ತರಿಸಿದೆ. ನೀರು ಬಾಯಿಯ ಮೇಲೆ ಉಬ್ಬಿ ನಿಲ್ಲುವಷ್ಟು ತುಂಬಬೇಕು, ಮುಚ್ಚಿ ತಲೆಕೆಳಗೆ ಮಾಡಿದರೆ ಒಂದು ಗುಳ್ಳೆಯೂ ಕಾಣಬಾರದು. ಐಸ್ ಡಬ್ಬದಲ್ಲಿ ಬೆಂಗಳೂರಿಗೆ ಹೋಯಿತು. ಈ ಸಲ ನಾಲ್ಕೂ ಟಿಎಚ್‌ಎಂ ಸೇರಿ ಲೀಟರಿಗೆ 140 ಮೈಕ್ರೋಗ್ರಾಂ ಹತ್ತಿರ ಬಂತು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಕ್ಲೋರೋಫಾರಂ ಒಂದಕ್ಕೇ 200ರವರೆಗೆ ಬಿಟ್ಟಿದ್ದಾರೆ. ಅಮೆರಿಕದಲ್ಲಿ ನಾಲ್ಕೂ ಸೇರಿ 80. ನಾನು 80ನ್ನೇ ಹಿಡಿದೆ.

ಜಾರ್ ಟೆಸ್ಟ್‌ನಲ್ಲಿ (ಜಾರ್‌ಗಳಲ್ಲಿ ಬೇರೆಬೇರೆ ಪ್ರಮಾಣದ ಆಲಂ, ಅಂದರೆ ಪಟಿಕ, ಹಾಕಿ ನೋಡುವ ಪರೀಕ್ಷೆ) ನೀರು ತಿಳಿಯಾದರೆ ಸಾಕು ಅಂತ ನಿಲ್ಲಿಸಲಿಲ್ಲ. ಪಿಎಚ್ 6.8ರ ಸುಮಾರಿಗೆ ಇಳಿಯುವ ತನಕ ಆಲಂ ಏರಿಸಿದೆ. ಕರಗಿದ ಸಾರವೂ ಕೆಳಗೆ ಕೂರುವುದು ಆಗಲೇ. ಕ್ಲೋರಿನ್ ಹಾಕಿದ್ದು ಫಿಲ್ಟರ್ ದಾಟಿದ ಮೇಲೆ ಮಾತ್ರ. ಆಲಂ ಖರ್ಚು ಕಾಲುಭಾಗ ಏರಿತು, ಬ್ಲೀಚಿಂಗ್ ಅರ್ಧದಷ್ಟು ಉಳಿಯಿತು. ಶುರುವಿನಲ್ಲಿ ಫಿಲ್ಟರ್ ಮರಳಿಗೆ ಪಾಚಿ ಕಟ್ಟಿ, ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆಯುವುದು) ಮಾಡಿ ಮಾಡಿ ಸಾಕಾಯಿತು. ಅದಕ್ಕೆ ಒಂದು ಉಪಾಯ ಕಂಡುಕೊಂಡಿದ್ದೇನೆ. ಘಟಕಕ್ಕೆ ಬಂದವರಿಗೆ ತೋರಿಸುತ್ತೇನೆ, ಬರೆಯುವುದಿಲ್ಲ.

ನಡುವೆ ಮನೆಯಲ್ಲೂ ಒಂದು ಪರೀಕ್ಷೆ ಮಾಡಿದೆ. ಮುಚ್ಚಳ ತೆಗೆದ ಪಾತ್ರೆಯಲ್ಲಿ ನಲ್ಲಿ ನೀರು ಐದು ನಿಮಿಷ ಕುದಿಸಿದರೆ ಕ್ಲೋರೋಫಾರಂ ಬಹುಪಾಲು ಹೋಗುತ್ತದೆ. ಕ್ಲೋರಿನ್ನೂ ಹೋಗುತ್ತದೆ, ಹಾಗಾಗಿ ಆ ನೀರನ್ನು ಮುಚ್ಚಿಟ್ಟು ಅದೇ ದಿನ ಮುಗಿಸಬೇಕು.

ಕಳೆದ ಬೇಸಿಗೆಯ ರಿಪೋರ್ಟ್‌ನಲ್ಲಿ ನಾಲ್ಕೂ ಟಿಎಚ್‌ಎಂ ಸೇರಿ 55ರ ಆಸುಪಾಸು. ಕೊನೆ ಬೀದಿಯಲ್ಲಿ ಕ್ಲೋರಿನ್ 0.3 ನಿಂತಿದೆ, ಒಂದೇ ಒಂದು ಭೇದಿ ಪ್ರಕರಣವೂ ನಮ್ಮ ನೀರಿನಿಂದ ಬಂದಿಲ್ಲ. ಅದೇ ಆಪರೇಟರ್ ಈಗ ಪಕ್ಕದ ಘಟಕದವರಿಗೆ ಜಾರ್ ಟೆಸ್ಟ್ ಹೇಳಿಕೊಡುತ್ತಿದ್ದಾರೆ.